ಹಿಟ್ಟಿನ ಮೇಲಿನ ಹೆಜ್ಜೆ

“ಆ ಬುಟ್ಟಿ ಮುಟ್ಟಬ್ಯಾಡ್ರಿ, ಅಳ್ಯಾರ,” ಎಂದಳು ಹಣಮವ್ವ. “ಅದರ ತೆಳಗ ಹಿಟ್ಟ ಐತಿ. ಹೊತ್ತ ಹುಟ್ಟೂತನಕ ಯಾರ ಕೈನೂ ಅದಕ್ಕ ತಾಕಬಾರದು.”

ಮಲ್ಲಿನಾಥ ಮೀಸೆಯೊಳಗೇ ನಕ್ಕ. ಸಾವಾದ ಮನೆಯಲ್ಲಿ ನಗಬಾರದೆಂಬ ತಿಳಿವಳಿಕೆ ಅವನಿಗಿತ್ತು. ಬಂದ ನಗುವನ್ನು ನುಂಗುವಷ್ಟು ತಾಳ್ಮೆ ಇರಲಿಲ್ಲ. “ತಾಕಿದ್ರ ಏನಾಗ್ತೈತಿ, ಆಯಿ?” ಎಂದು ಕೇಳಿದ. ಮುದುಕಿ ನಡುಮನೆಯ ಹೊಸ್ತಿಲಿಗೆ ಅಡ್ಡವಾಗಿ ಕೂತು, ಬಳೆ ಕಳಚಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಆ ನಡುಮನೆಗೆ ಕಿಟಕಿ ಇರಲಿಲ್ಲ. ಹಗಲಿನಲ್ಲೂ ಅಲ್ಲಿ ಕತ್ತಲೆ ಮನೆಮಾಡಿಕೊಂಡಿರುತ್ತಿತ್ತು. ಮೂಲೆಯಲ್ಲಿ ಗಂಟು ಕಟ್ಟಿಟ್ಟ ಕುರಿಯ ಉಣ್ಣೆಯ ಜಿಡ್ಡು ವಾಸನೆ, ಔಡಲೆಣ್ಣೆಯ ದೀಪದ ಹೊಗೆ, ಆಗಷ್ಟೇ ಸಾರಿಸಿದ ನೆಲದ ಹಸಿ ಸಗಣಿ, ಇವೆಲ್ಲವುಗಳ ಅಡಿಯಲ್ಲಿ ಇನ್ನೊಂದು ವಾಸನೆ: ಬಹಳ ದಿನ ಹಾಸಿಗೆ ಹಿಡಿದು ಮಲಗಿದ ಮನುಷ್ಯನದು. ಮುದುಕಿಯ ಗಂಡ ಸೋಮನಿಂಗಪ್ಪ ಜೀವ ಬಿಟ್ಟದ್ದು ಅಲ್ಲಿಯೇ. ಅವನು ಮಲಗಿದ್ದ ಜಾಗದಲ್ಲಿ ಜೋಳದ ಹಿಟ್ಟನ್ನು ಸಾಣಿಸಿ ತೆಳ್ಳಗೆ ಹರಡಿ, ಮೇಲೆ ದೊಡ್ಡ ಬಿದಿರಿನ ಬುಟ್ಟಿ ಕವುಚಿ, ಪಕ್ಕದಲ್ಲೊಂದು ದೀಪ ಇಟ್ಟಿದ್ದರು.

ದರಿಬಡಚಿಯ ಆ ಮನೆಯೊಳಗೆ ಮಲ್ಲಿನಾಥ ಕಾಲಿಟ್ಟದ್ದೇ ಇದು ಮೊದಲು. ಜತ್ತದ ಪೇಟೆಯಲ್ಲಿ ಕಿರಾಣಿ ಅಂಗಡಿಯಿಟ್ಟ ಲಿಂಗವಂತರ ಮಗ ಕುರಿ ಕಾಯುವವರ ಮನೆಯ ನಂದಾಳನ್ನು ಮೆಚ್ಚಿ ರಿಜಿಸ್ಟರ್ ಮದುವೆಯಾದಾಗ ಎರಡೂ ಮನೆಗಳ ಬಾಗಿಲು ಮುಚ್ಚಿದ್ದವು. ನಂದಾ ಬಸುರಿಯಾದ ಸುದ್ದಿ ಕೇಳಿ ಅವನ ತಾಯಿ ಶಾಂತಾದೇವಿ ಕರಗಿದಳು. ಈ ಮನೆ ಕರಗಿದ್ದು ಅಜ್ಜ ಸಾಯಲು ಮಲಗಿದಾಗ. ತಂದೆತಾಯಿಯಿಲ್ಲದ ನಂದಾಳನ್ನೂ ಅವಳ ತಮ್ಮ ನಾಗನಾಥನನ್ನೂ ಎದೆಗವುಚಿಕೊಂಡು ಬೆಳೆಸಿದವಳು ಅಜ್ಜಿ ಹಣಮವ್ವ. ಅವಳೊಬ್ಬಳನ್ನೇ ಬಿಡಲಾಗದೆ, ಏಳು ತಿಂಗಳು ತುಂಬಿದ ಹೊಟ್ಟೆ ಹೊತ್ತುಕೊಂಡು, ಯಾರು ಬೇಡವೆಂದರೂ ಕೇಳದೆ ನಂದಾ ಬಂದಿದ್ದಳು.

ಮಣ್ಣು ಕೊಟ್ಟು ಬಂದಾಗಿತ್ತು. ಸಂಜೆಯ ಚಹಾ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಾಗ ನಾಗನಾಥ ತನ್ನ ದಾಜಿಗೆ, ಅಕ್ಕನ ಗಂಡನಿಗೆ, ಹಿಟ್ಟಿನ ವಿಚಾರ ಬಿಡಿಸಿ ಹೇಳಿದ. ಸತ್ತವರು ತಿರುಗಿ ಬರುವ ರೂಪ ಆ ಹಿಟ್ಟಿನ ಮೇಲೆ ಮೂಡುತ್ತದೆಂದು ಅವರ ಮನೆತನದ ನಂಬಿಕೆ. ಕೋಳಿಯ ಕಾಲು ಮೂಡಿದರೆ ಹಕ್ಕಿಯ ಜನ್ಮ, ಗೊರಸು ಮೂಡಿದರೆ ದನದ್ದೋ ಕುರಿಯದೋ. ಕೂಸಿನ ಪಾದ ಮೂಡಿದರೆ ಹೋದವರು ಅದೇ ಮನೆಗೆ ಮರಳುತ್ತಾರೆ. ಹೆಂಗಸರು ಕಣ್ಣೀರು ಒರೆಸಿಕೊಂಡು ಸಕ್ಕರೆ ಹಂಚುತ್ತಾರೆ.

“ಆದ್ರ ಮುತ್ತ್ಯಾಂದು ಬ್ಯಾರೆ,” ಎಂದ ನಾಗನಾಥ, ದನಿ ತಗ್ಗಿಸಿ. “ಅಂವಗ ಯಾವ ಹೆಜ್ಜಿನೂ ಮೂಡಬಾರದು.”

ಸೋಮನಿಂಗಪ್ಪ ಮಾಟ ಬಲ್ಲವನಾಗಿದ್ದ. ಊರಿನವರು ಹಗಲಲ್ಲಿ ಅವನಿಗೆ ಶರಣು ಅನ್ನುತ್ತಿದ್ದರು, ಹಿಂದಿನಿಂದ ಉಗುಳುತ್ತಿದ್ದರು. ಹುಲ್ಲುಗಾವಲಿನ ಜಗಳದಲ್ಲಿ ಮುಚ್ಚಂಡಿಯ ರೇವಪ್ಪ ಅವನ ಮೇಲೆ ಕೈ ಎತ್ತಿದ್ದನಂತೆ. ಸೋಮನಿಂಗಪ್ಪ ಏನೂ ಅನ್ನದೆ ರೇವಪ್ಪನ ಹೆಜ್ಜೆಯ ಮಣ್ಣನ್ನು ಮುಷ್ಟಿಯಲ್ಲಿ ತಂದು, ಇದೇ ನಡುಮನೆಯಲ್ಲಿ ಒಲೆಯ ಬೂದಿಗೆ ಕಲಸಿದ. ರೇವಪ್ಪನ ಕುರಿಗಳು ಹಸಿರು ಮೇವಿನ ನಡುವೆ ನಿಂತು ಬಾಯಿ ತೆರೆಯದೆ ಸತ್ತವು. ಆಮೇಲೆ ಅವನ ಕಾಲು ಒಣಗಿತು. ಈಗಲೂ ತೆವಳುತ್ತಾನೆ.

“ಯಾರ ಹೆಜ್ಜಿ ಸಿಕ್ಕರೂ ಅವರನ್ನ ಹಿಡೀತಿದ್ದ ಮುತ್ತ್ಯಾ,” ಎಂದ ನಾಗನಾಥ. “ಸಾಯೂ ಮುಂದ ಆಯಿ ರಟ್ಟಿ ಹಿಡಕೊಂಡು ಒಂದ ಮಾತ ಅಂದ. ‘ನನಗೊಂದು ಹೆಜ್ಜಿ ತೋರಸ್ರಿ, ನಾ ಬರ್ತೀನಿ.’ ಹಂಗಂದು ಅಕ್ಕನ ಹೊಟ್ಟಿ ನೋಡಿದ, ದಾಜಿ. ನಕ್ಕ.”

ಆ ನಗುವನ್ನು ಮಲ್ಲಿನಾಥನೂ ಕಂಡಿದ್ದ. ಹಲ್ಲಿಲ್ಲದ ಬಾಯಿ, ನೀರಾಡುವ ಕಣ್ಣು. ಆಗ ಅವನಿಗೆ ಬಂದದ್ದು ಸಿಟ್ಟು, ಭಯವಲ್ಲ.

“ಹಂಗಿದ್ರ ಹಿಟ್ಟ ಯಾಕ ಹಾಸ್ತೀರಿ? ಬಿಟ್ಟಬಿಡ್ರಿ.”

ಒಳಗಿನಿಂದ ಹಣಮವ್ವನೇ ಉತ್ತರ ಕೊಟ್ಟಳು. “ಹಾಸಲಿಲ್ಲಂದ್ರ ನಮ್ಮ ಮನಿಯವರು ಹೆಜ್ಜಿಗಾಗಿ ಊರ ತುಂಬ ಹುಡಕ್ತಾರ, ಅಳ್ಯಾರ. ಹಾಸಿದ್ರ ಇಲ್ಲೇ ಬಂದು ನೋಡಬೇಕು. ಬರಿ ಹಿಟ್ಟ ಕಂಡ್ರ ಹೋಗಬೇಕು. ಅಷ್ಟ.”

ಮಲ್ಲಿನಾಥನಿಗೆ ಈ ಲೆಕ್ಕಾಚಾರ ಮೋಜೆನಿಸಿತು. ಅವನ ತಾಯಿಯ ನಂಬಿಕೆಯೇ ಬೇರೆ. ಅವರಲ್ಲಿ ಸತ್ತವರನ್ನು ಗುಣಿಯಲ್ಲಿ ಕೂರಿಸಿ, ವಿಭೂತಿ ಇಟ್ಟು, ಪತ್ರಿ ಹಾಕಿ ಮುಚ್ಚಿದರೆಂದರೆ ಅವರು ಶಿವನಲ್ಲಿ ಸೇರಿದರು. ತಿರುಗಿ ಬರುವ ಮಾತಿಲ್ಲ, ಸೂತಕವಿಲ್ಲ, ಕಾಗೆಗೆ ಕಾಯುವುದಿಲ್ಲ. ಮಲ್ಲಿನಾಥ ತಾಯಿಗಿಂತ ಒಂದು ಹೆಜ್ಜೆ ಮುಂದೆ ಹೋದವನು. ಗುಡ್ಡದ ಮೇಲೆ ಗಾಳಿಗೆ ತಿರುಗಿ ಕರೆಂಟು ಕೊಡುವ ಪವನಚಕ್ಕಿಗಳ ರಿಪೇರಿ ಅವನ ಕೆಲಸ. ಜತೆಗಾರನೊಬ್ಬ ಮೇಲಿಂದ ಬಿದ್ದಾಗ ಮೊದಲು ಓಡಿ ಹೋದವನು ಇವನೇ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀವ ಹೋಗುವತನಕ ಕೂತಿದ್ದ. ಏನೂ ಎದ್ದು ಹೋಗಲಿಲ್ಲ. ಯಾವುದೂ ಎಲ್ಲಿಗೂ ಸೇರಲಿಲ್ಲ. ಇದ್ದದ್ದು ಇಲ್ಲವಾಯಿತು, ಮುಗಿಯಿತು. ಆವತ್ತಿನಿಂದ ಸ್ವರ್ಗ, ಪುನರ್ಜನ್ಮ ಎಂದು ಯಾರಾದರೂ ಬಾಯಿ ತೆರೆದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

“ಸತ್ತರ ಮುಗೀತು, ನಾಗನಾಥ. ಪಂಖಾ ಬಂದ್ ಆದಂಗ.”

ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದ ನಂದಾ ಹೊಟ್ಟೆಯ ಮೇಲೆ ಕೈಯಾಡಿಸುತ್ತ ಮೆಲ್ಲಗೆ ಅಂದಳು: “ನನಗೇನ ಗೊತ್ತಿಲ್ಲಪಾ. ನಾ ಸತ್ರ ಮಾತ್ರ ನಿಮ್ಮ ಸುತ್ತಮುತ್ತ ಎಲ್ಲ್ಯರೆ ಇರಬೇಕು ಅನಸ್ತೈತಿ.” ಅವನು ಅವಳ ತಲೆ ಸವರಿ ಸುಮ್ಮನಾದ. ಸುಮ್ಮನೇ ಇದ್ದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ಅವನ ತಲೆಯಲ್ಲಿ ಆಗಲೇ ಹುಳ ಹೊಕ್ಕಿತ್ತು. ಈ ಹಿಟ್ಟಿನ ಮೇಲೆ ತಾನೇ ಒಂದು ಗುರುತು ಮಾಡಿಬಿಟ್ಟರೆ? ಬೆಳಿಗ್ಗೆ ಎಲ್ಲರೂ ಹೌಹಾರುತ್ತಾರೆ. ಆಗ ನಗುತ್ತ ಹೇಳುವುದು: ಇದು ನನ್ನ ಕೈ, ನಿಮ್ಮ ಮುತ್ತ್ಯಾನ ಕಾಲಲ್ಲ. ಒಂದೇ ಏಟಿಗೆ ಈ ಮನೆಯ ಭಯ ಬಿಟ್ಟುಹೋಗುತ್ತದೆ. ನಾಳೆ ಹುಟ್ಟುವ ತನ್ನ ಕೂಸು ಇಂಥ ಕತ್ತಲಲ್ಲಿ ಬೆಳೆಯುವುದು ತಪ್ಪುತ್ತದೆ. ಹಾಗೆಂದುಕೊಂಡ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದವನನ್ನು ತಡೆಯುವುದು ಕಷ್ಟ.

ಹೊತ್ತು ಮುಳುಗಿ ಮಬ್ಬು ಕವಿದಾಗ ಹಟ್ಟಿಯಲ್ಲಿ ಕುರಿಗಳು ಒಮ್ಮೆಲೇ ಗಲಾಟೆ ಎಬ್ಬಿಸಿದವು. ನಾಗನಾಥ ಕೋಲು ಹಿಡಿದು ಓಡಿದ. ಅವನು ಕೂಗಿದ ದನಿಗೆ ಹಣಮವ್ವನೂ ಎದ್ದು ಹಿತ್ತಿಲ ಬಾಗಿಲಿಗೆ ಹೋದಳು. ನಡುಮನೆಯ ಹೊಸ್ತಿಲು ಖಾಲಿಯಾಯಿತು.

ಮಲ್ಲಿನಾಥ ಒಳಗೆ ನುಸುಳಿದ.

ಬುಟ್ಟಿ ಎತ್ತಿದಾಗ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಯಾರೋ ಬಾಯಿ ತೆರೆದು ಉಸಿರು ಬಿಟ್ಟಂತೆ. ದೀಪದ ಶಾಖವಿರಬೇಕು ಎಂದುಕೊಂಡ. ಯಾವ ಗುರುತು ಮಾಡುವುದು? ಕೋಳಿಯ ಕಾಲು ಮೂಡಿಸಿದರೆ ಕೋಳಿಯೇ ಹೊಕ್ಕಿತ್ತು ಎಂದುಬಿಡುತ್ತಾರೆ. ಬೆಕ್ಕು, ನಾಯಿಗೂ ನೆಪ ಸಿಗುತ್ತದೆ. ಕೂಸಿನ ಪಾದಕ್ಕೆ ನೆಪವೇ ಇಲ್ಲ. ಗೌರಿ ಹಬ್ಬದಲ್ಲಿ ತಾಯಿ ಸುಣ್ಣದ ನೀರಿಗೆ ಮುಷ್ಟಿ ಅದ್ದಿ, ಅದರ ಪಕ್ಕವನ್ನು ನೆಲಕ್ಕೊತ್ತಿ, ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟು ಪುಟ್ಟ ಪಾದ ಮೂಡಿಸುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಹಾಗೆಯೇ ಎಡಗೈ ಮುಷ್ಟಿ ಬಿಗಿದು ಹಿಟ್ಟಿನ ನಡುವೆ ಒತ್ತಿದ. ಐದು ಬೆರಳು ಇಟ್ಟ. ಪುಟ್ಟದೊಂದು ಹೆಜ್ಜೆ ಮೂಡಿತು. ತಂತಿ ಕೊಯ್ದು ಮುಷ್ಟಿಯ ಅಂಚಿನಲ್ಲಿ ಉಳಿದಿದ್ದ ಹಳೆಯ ಗಾಯದ ಗೆರೆಯೂ ಅಂಗಾಲಿಗೆ ಅಡ್ಡವಾಗಿ ಮೂಡಿತು.

ಆ ಕ್ಷಣಕ್ಕಾದರೂ ಅವನಿಗೆ ನಂದಾಳ ಹೊಟ್ಟೆ ನೆನಪಾಗಬೇಕಿತ್ತು. ಆಗಲಿಲ್ಲ. ಬುಟ್ಟಿ ಕವುಚಿ, ಹೊರಬಂದು, ಬಚ್ಚಲಲ್ಲಿ ಕೈ ತೊಳೆದುಕೊಂಡ. ದೀಪದ ಕುಡಿ ಗಾಳಿಯಿಲ್ಲದೆ ಬುಟ್ಟಿಯ ಕಡೆಗೆ ಬಾಗಿದ್ದನ್ನು ಕಂಡಿದ್ದ. ಕಂಡದ್ದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಹೊತ್ತು ಹುಟ್ಟುತ್ತಲೇ ಹಣಮವ್ವ ಎಲ್ಲರನ್ನೂ ಎಬ್ಬಿಸಿದಳು. ರಾತ್ರಿಯೆಲ್ಲ ಅವಳು ಹೊಸ್ತಿಲಲ್ಲೇ ಗೋಡೆಗೊರಗಿ ಕೂತು ತೂಕಡಿಸಿದ್ದಳು. ನಾಗನಾಥ ಕಂದೀಲು ಹಿಡಿದ. ಮಲ್ಲಿನಾಥ ಹಿಂದೆ ನಿಂತು, ಹೇಳಬೇಕಾದ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧಮಾಡಿಕೊಂಡ. ಬುಟ್ಟಿ ಎತ್ತಿದರು.

ಮಾತು ಅಲ್ಲೇ ಸತ್ತಿತು.

ನಡುವೆ ಅವನು ಮೂಡಿಸಿದ ಹೆಜ್ಜೆಯಿತ್ತು. ಅದರ ಮುಂದೆ ಇನ್ನೊಂದು. ಅದರ ಮುಂದೆ ಮತ್ತೊಂದು. ಹಿಟ್ಟಿನ ಅಂಚು ದಾಟಿ, ಕಪ್ಪು ನೆಲದ ಮೇಲೆ ಬೆಳ್ಳಗೆ, ಸಾಲಾಗಿ. ಎಲ್ಲವೂ ಒಂದೇ ಕಾಲಿನವು. ಒಂದೇ ಕಾಲು ಸಿಕ್ಕದ್ದಕ್ಕೆ ಅದರಲ್ಲೇ ಕುಂಟುತ್ತ ಹೋದಂತೆ. ಪ್ರತಿಯೊಂದರ ಅಂಗಾಲಿನಲ್ಲೂ ಅಡ್ಡ ಗೆರೆಯಿತ್ತು. ಮಲ್ಲಿನಾಥ ತನಗರಿವಿಲ್ಲದೆ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ನಾಗನಾಥ ಕಂದೀಲು ತಗ್ಗಿಸಿ ಹೆಜ್ಜೆಗಳ ಹಿಂದೆ ನಡೆದ. ಹೊಸ್ತಿಲು ದಾಟಿದ್ದವು. ಮುದುಕಿಯ ಸೀರೆಯ ಅಂಚಿನ ಮೇಲೊಂದು ಬಿದ್ದಿತ್ತು. ಪಡಸಾಲೆಗೆ ಇಳಿದಿದ್ದವು. ನಂದಾ ಮಲಗಿದ್ದ ಚಾಪೆಯ ತನಕ ಹೋಗಿ ನಿಂತಿದ್ದವು. ಹೋದ ಹೆಜ್ಜೆಗಳಿದ್ದವು, ತಿರುಗಿ ಬಂದವು ಇರಲಿಲ್ಲ.

ನಂದಾ ಎದ್ದು ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ. ಮುಖದಲ್ಲಿ ರಕ್ತವಿರಲಿಲ್ಲ.

“ರೀ, ಕೂಸು ಅಲಗಾಡವಲ್ದು,” ಎಂದಳು. “ದಿನಾ ಈ ಹೊತ್ತಿಗೆ ಒದೀತಿತ್ತು. ತಣ್ಣಗಾಗೈತಿ ನೋಡ್ರಿ.”

ಅವನು ಕೈಯಿಟ್ಟು ನೋಡಿದ. ತಣ್ಣಗಿತ್ತು. ಮಣ್ಣಿನ ಕೊಡ ಮುಟ್ಟಿದ ಹಾಗಿತ್ತು.

“ನಾನ ಮಾಡಿದ್ದು,” ಎಂದ. “ಚ್ಯಾಷ್ಟಿಗೆ. ಒಂದ ಹೆಜ್ಜಿ ನಾನ ಮಾಡಿದೆ, ಆಯಿ. ಉಳಿದದ್ದು ನನಗ ಗೊತ್ತಿಲ್ಲ.”

ನಾಗನಾಥ ಅವನ ಅಂಗಿಯ ಎದೆ ಹಿಡಿದ. ಹೊಡೆಯಲಿಲ್ಲ, ಹೊಡೆಯುವಷ್ಟು ಪುರುಸೊತ್ತು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಜತ್ತದ ದವಾಖಾನೆಗೆ ಒಯ್ಯಬೇಕೆಂದು ಜೀಪು ತರಲು ಓಡಿದ. ಹಣಮವ್ವ ಅಳಿಯನ ಹತ್ತಿರ ಬಂದು ನಿಂತಳು. ಬಯ್ಯುತ್ತಾಳೆಂದು ಕಾದ. ಅವಳು ಬಯ್ಯಲಿಲ್ಲ.

“ಹೋಗ್ರಿ ದವಾಖಾನಿಗಿ. ಮಿಷನ್ ಹಚ್ಚಿ ನೋಡಿ ಜೀವ ಐತಿ ಅಂತಾರ. ಖರೇನ ಇರ್ತೈತಿ. ಹುಟ್ಟತೈತಿ, ಬೆಳೀತೈತಿ. ಆದ್ರ ಹುಟ್ಟಿದ್ದು ನಿಮ್ಮ ಕೂಸಲ್ಲ, ಅಳ್ಯಾರ. ನನ್ನ ನಂದಾ ತನ್ನ ಮುತ್ತ್ಯಾಗ ಹಾಲ ಕುಡಸ್ತಾಳ.”

ಮಲ್ಲಿನಾಥನಿಗೆ ಆ ಹಲ್ಲಿಲ್ಲದ ನಗು ಕಣ್ಣ ಮುಂದೆ ಬಂತು.

“ಏನರೆ ಹಾದಿ ಐತೇನು?”

ಮುದುಕಿ ನಂದಾಳನ್ನು ನೋಡಿದಳು. ತನ್ನ ಬೋಳು ಮಣಿಕಟ್ಟುಗಳನ್ನು ನೋಡಿಕೊಂಡಳು.

“ಹೆಜ್ಜಿ ಕೊಟ್ಟಾವನ ತಿರುಗಿ ತುಳೀಬೇಕು. ಬರಿಗಾಲ್ಲೆ. ಅಕಿ ಚಾಪಿ ಹಂತೇಲಿಂದ ಸುರು ಮಾಡಿ, ಒಂದೊಂದ ತುಳಕೋತ, ಹಿಟ್ಟಿನತನಕ. ಬಾಗಲದಾಗಿನ ಬಿಸಲ ಅಕಿ ಚಾಪಿ ಮುಟ್ಟೂದ್ರಾಗ. ಆಗ ಅವರು ಕೂಸಿನ್ನ ಬಿಡ್ತಾರ.” ತುಸು ತಡೆದು ಹೇಳಿದಳು: “ಕೂಸಿನ್ನ ಅಷ್ಟ ಬಿಡ್ತಾರ.”

ಅವನಿಗೆ ತಿಳಿಯಿತು. ತಿಳಿಯದವನಂತೆ ನಟಿಸಲು ವೇಳೆಯಿರಲಿಲ್ಲ. ಹೊರಬಾಗಿಲಲ್ಲಿ ಎಳೆ ಬಿಸಿಲು ಆಗಲೇ ಇಣುಕುತ್ತಿತ್ತು.

“ಬ್ಯಾಡ್ರಿ,” ಎಂದಳು ನಂದಾ. ಅವನ ಪೈಜಾಮದ ಅಂಚು ಹಿಡಿದಿದ್ದಳು. ಅವನು ಬಗ್ಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಸತ್ತ ಮೇಲೆ ಏನೂ ಇಲ್ಲ, ಹಾಗಾಗಿ ಹೆದರಬೇಕಾದದ್ದೂ ಇಲ್ಲ. ಬಾಯಲ್ಲಿ ಹಾಗೆ ಹೇಳಿಕೊಂಡ. ಪೈಜಾಮದ ಅಂಚು ಮೇಲಕ್ಕೆ ಮಡಚಿದ.

ಮೊದಲ ಹೆಜ್ಜೆ ತುಳಿದ.

ಅಂಗಾಲಿಗೆ ಹಿಟ್ಟು ತಾಕಲಿಲ್ಲ. ಚಿಕ್ಕದೊಂದು ಪಾದ ತಾಕಿತು. ಅಡಿಗೆ ಅಡಿ ಕೊಟ್ಟು ನಿಂತಿತ್ತು. ತಣ್ಣಗೆ. ಒದ್ದೆಯಾಗಿ. ಕಾಲು ಎಳೆದುಕೊಂಡ. ಅದು ಅಂಟಿಕೊಂಡೇ ಬಂತು.

ಎರಡನೆಯದು ತುಳಿದ. ಮೊಳಕಾಲ ತನಕ ಚಳಿ ಏರಿತು. ಗುಡ್ಡದ ಕಡೆಯಿಂದ ಭೊರ್ ಎಂಬ ಸದ್ದು ಕೇಳುತ್ತಿತ್ತು. ದಿನಾ ಕೇಳುವ ಸದ್ದು. ಅದು ಏನೆಂದು ನೆನಪಾಗಲಿಲ್ಲ.

ಇನ್ನೊಂದು. ಬಾಯಲ್ಲಿ ತಂಬಾಕಿನ ಕಹಿ ಊರಿತು. ಅವನು ಎಂದೂ ತಂಬಾಕು ತಿಂದವನಲ್ಲ.

ಇನ್ನೊಂದು. ಜತ್ತದ ಪೇಟೆಯಲ್ಲಿ ಅಂಗಡಿ. ಅಂಗಡಿಯ ಹಿಂದೆ ಮನೆ. ಮನೆಯಲ್ಲಿ ಒಬ್ಬ ಹೆಂಗಸು, ಹಣೆಯ ತುಂಬ ವಿಭೂತಿ. ಅವಳು ಯಾರು? ಮುಷ್ಟಿಯಿಂದ ನೆಲದ ಮೇಲೆ ಪಾದ ಮೂಡಿಸುತ್ತಿದ್ದಳು. ಯಾರು ಅವಳು?

ಬಿಸಿಲು ಪಡಸಾಲೆಯ ನಡುವಿಗೆ ಬಂದಿತ್ತು. ಹಿಂದಿನಿಂದ ಯಾರೋ ಅಳುತ್ತಿದ್ದರು. ಹೊಸ್ತಿಲು ದಾಟಿದ. ಉಣ್ಣೆಯ ವಾಸನೆ ಮೂಗಿಗೆ ಬಂತು. ಹಿತವೆನಿಸಿತು. ಅದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ನಿಲ್ಲಬೇಕೆನಿಸಿತು. ಓಡಬೇಕೆನಿಸಿತು. ಯಾತಕ್ಕಾಗಿ ನಡೆಯುತ್ತಿದ್ದೇನೆ? ಕೂಸು. ಒಂದು ಕೂಸಿದೆ. ಅಷ್ಟೇ ಗೊತ್ತಿತ್ತು. ಯಾರ ಕೂಸು, ಎಲ್ಲಿ, ಅದು ಹೋಗಿತ್ತು. ಕೂಸಿದೆ. ತುಳಿ. ಕೂಸಿದೆ. ತುಳಿ.

ಹಿಟ್ಟಿನ ನಡುವಿನ ಹೆಜ್ಜೆಯ ಮೇಲೆ ಎರಡೂ ಕಾಲಿಟ್ಟು ನಿಂತ. ದೀಪ ಆರಿತು.

“ಒದೀತು!” ಪಡಸಾಲೆಯಿಂದ ಕೂಗು ಬಂತು. “ಆಯಿ, ಒದೀತು. ಬೆಚ್ಚಗಾತು. ರೀ, ಕೂಸು ಒದ್ಯಾಕತ್ತೈತಿ!”

ಅವನು ಕತ್ತಲಿಂದ ಹೊರಬಂದ. ಚಾಪೆಯ ಮೇಲೆ ಒಬ್ಬ ಬಸುರಿ ಹೆಣ್ಣುಮಗಳು ನಗುತ್ತ ಅಳುತ್ತ ಅವನ ಕಡೆ ಕೈ ಚಾಚಿದ್ದಳು. ಅವಳನ್ನು ನೋಡಿ ಅವನ ಎದೆ ತುಂಬಿ ಬಂತು. ಅವಳ ಹೆಸರು ಮಾತ್ರ ಬರಲಿಲ್ಲ. ಹುಡುಕಿದ. ಕೈಗೆ ಸಿಗಲಿಲ್ಲ.

ಬಾಗಿಲಲ್ಲಿ ಜೀಪು ಬಂದು ನಿಂತಿತು. ಒಳಗೆ ಬಂದ ಯುವಕನಿಗೆ ಅವನು ಬಹಳ ಕಷ್ಟಪಟ್ಟು, ಒಂದೊಂದು ಶಬ್ದವನ್ನೂ ಬಾವಿಯಿಂದ ಎಳೆದಂತೆ ಎಳೆದು ಹೇಳಿದ: “ಅಕಿನ್ನ ಕರಕೊಂಡ ಹೋಗು. ಲಗೂನ. ಕೂಸು ಹುಟ್ಟಿದ ಮ್ಯಾಲ ನನಗ ತೋರಸಬ್ಯಾಡ್ರಿ.”

ಅದೇ ಅವನ ಕೊನೆಯ ಸ್ವಂತ ಮಾತು. ನಾಗನಾಥ ಅಕ್ಕನನ್ನು ಎಬ್ಬಿಸಿ, ಹೆಚ್ಚುಕಡಿಮೆ ಎತ್ತಿಕೊಂಡೇ ಹೊರಗೆ ಒಯ್ದ. ಅವಳು ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು. ಯಾರನ್ನು ಕರೆಯುತ್ತಿದ್ದಾಳೆಂದು ಅವನಿಗೆ ಅರ್ಥವಾಗಲಿಲ್ಲ. ಜೀಪಿನ ಸದ್ದು ದೂರವಾಗುತ್ತ ಹೋಯಿತು. ಹಟ್ಟಿಯಲ್ಲಿ ಕುರಿಗಳು ಒಂದೂ ಒದರಲಿಲ್ಲ.

ಹೊಸ್ತಿಲ ಬಳಿ ಕೂತಿದ್ದ ಮುದುಕಿಯ ಕಡೆ ತಿರುಗಿದ. ಅವಳ ಹೆಸರು ಗೊತ್ತಿತ್ತು. ಸೋನ್ಯಾಳದಿಂದ ಅವಳನ್ನು ಮದುವೆ ಮಾಡಿಕೊಂಡು ತಂದ ದಿನ ಗೊತ್ತಿತ್ತು. ಈ ಮನೆಯಲ್ಲಿ ಅವಳನ್ನು ಮೊದಲ ಸಲ ಹೊಡೆದ ಮೂಲೆ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು.

“ಹಣಮಿ,” ಎಂದ. “ನೀರ ತಾ.”

ಹಣಮವ್ವ ಬೆಚ್ಚಲಿಲ್ಲ. ಹಾದಿ ತೋರಿಸಿದಾಗಲೇ ಅವಳಿಗೆ ಇದು ತಿಳಿದಿತ್ತು. ತನ್ನ ಮೊಮ್ಮಗಳನ್ನು ಬಿಡಿಸಲು ಅವಳ ಬಳಿ ಬೇರೇನೂ ಇರಲಿಲ್ಲ. ಬಾಳಿನಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಹಗಲು, ಒಂದು ರಾತ್ರಿಯ ಬಿಡುಗಡೆ. ಮೊಣಕಾಲಿಗೆ ಕೈಯೂರಿ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೊಮ್ಮಗಳ ವಯಸ್ಸಿನ ಆ ಗಂಡಸಿನ ಮುಖ ನೋಡದೆ, ತಂಬಿಗೆ ತುಂಬಿಕೊಂಡು ಬರಲು ಒಳಗೆ ಹೋದಳು.